ಚಿನ್ನದ ಬೆನ್ನಿನ ಸೂಜಿ

ಕಾನಾಜಾವಾದಲ್ಲಿ ಡಿಸೆಂಬರ್.
ಲ್ಯಾಬಿನ ಮೇಜು ಗಾಳಿದಿಂಬಿನ ಮೇಲೆ ನಿಂತಿದೆ,
ಕೆಳಗೆ ಹಿಮ ಗೋರುವ ಲಾರಿ ಹಾದರೂ
ಸೂಜಿ ಅದುರಬಾರದೆಂದು.
ರಾತ್ರಿ ಎರಡಾದ ಮೇಲೆ, ಚಪ್ಪಲಿ ಬಿಟ್ಟು,
ಕೆಮ್ಮು ನುಂಗಿಕೊಂಡು ಕೂರುತ್ತೇನೆ.

ಕಂಡೂ ಕಾಣದ ಒಂದು ಹಲಗೆ, ತುದಿಗೊಂದು ಮೊನೆ,
ಬೆನ್ನಿಗೆ ಬಳಿದ ಚಿನ್ನ.
ಆ ಚಿನ್ನಕ್ಕೆ ಲೇಸರ್ ಬಡಿದು ಚಿಮ್ಮಿ ಹೇಳುತ್ತದೆ:
ಮುಟ್ಟಿತು ಈಗ. ಇಷ್ಟು ಬಾಗಿತು. ಇಷ್ಟು ಮೆತ್ತಗೆ.
ನೋಡುವುದೆಲ್ಲಿ ಬಂತು, ಬರೀ ತಡಕಾಟ,
ಕರೆಂಟು ಹೋದ ಅಡುಗೆಮನೆಯಲ್ಲಿ
ಕಡ್ಡಿಪೆಟ್ಟಿಗೆ ಹುಡುಕಿದ ಹಾಗೆ.

ಅಪ್ಪ ಯಾಸೊಜಿ ನಲವತ್ತೊಂದು ವರ್ಷ ಚಿನ್ನ ಬಡಿದ.
ಕಾಸಿನಗಲದ ಗಟ್ಟಿ ಬಡಿಬಡಿದು ಚಾಪೆಯಗಲ.
ಹತ್ತು ಸಾವಿರ ಎಲೆ ಪೇರಿಸಿದರೆ ಒಂದು ಮಿಲಿಮೀಟರ್.
ಬೆರಳು ತಗುಲಿದರೆ ಮಾಯ, ಅದಕ್ಕೇ ಬಿದಿರ ಚಿಮಟ;
ನಡುವಿಗೊಂದು ಉಸಿರು ಊದಿದರೆ
ಸುಕ್ಕು ಬಿಡಿಸಿಕೊಂಡು ಮಲಗುತ್ತಿತ್ತು ಎಲೆ,
ಹಾಲು ಕುಡಿದ ಮಗುವಿನ ಹಾಗೆ.

ನಿಮಿಷಕ್ಕೆ ಏಳುನೂರು ಏಟಿನ ಯಂತ್ರ.
ಕಿವಿಗೆ ಹತ್ತಿ ಇಟ್ಟುಕೊಳ್ಳೆಂದರೆ,
ಸದ್ದು ತೆಳುವಾದಾಗಲೇ ತಾನೆ
ಎಲೆ ತೆಳುವಾದದ್ದು ತಿಳಿಯುವುದು, ಅನ್ನುತ್ತಿದ್ದ.
ಮೊದಲು ಹೋದದ್ದು ಜೀರುಂಡೆ.
ಆಮೇಲೆ ಕೆಟಲಿನ ಸೀಟಿ.
ಆಮೇಲೆ ನನ್ನ ಹೆಸರು, ಚಿಗುಸಾ:
ಮೊದಲು ಕೊನೆ ಸವೆದು
ನಡುವಿನ ‘ಗು’ ಒಂದೇ ಕೆಲವು ವರ್ಷ ಉಳಿಯಿತು.
ಚಿನ್ನದ ಸೂಜಿಯೆಂದು ಯಾರೂ ಕಣ್ಣಿಗೆ ಚುಚ್ಚಿಕೊಳ್ಳುವುದಿಲ್ಲ.
ಕಿವಿಯ ವಿಷಯ ಯಾವ ಗಾದೆಯೂ ಹೇಳಲಿಲ್ಲ.

ತಟ್ಟೆಯಲ್ಲಿ ಇಲಿಮರಿಯ ಒಳಗಿವಿಯ ಚೂರು.
ಮೆಟ್ಟಿಲು ಮೆಟ್ಟಿಲಾಗಿ ನಿಂತ ಕೂದಲು,
ಅಪ್ಪನ ಎಲೆಯ ದಪ್ಪದಲ್ಲಿ ನೂರಕ್ಕೊಂದು ಪಾಲು
ಬಾಗಿದರೂ ಸಾಕು, ಕೋಶಕ್ಕೆ ಕೇಳಿಸುತ್ತದೆ.
ಒಮ್ಮೆ ಉದುರಿದರೆ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ.
ಹುಟ್ಟಿಸಬಹುದೇ ಎಂದೇ ನಮ್ಮ ಪರದಾಟ:
ಚಿನ್ನದ ಕಣಕ್ಕೆ ಜೀನಿನ ಬುತ್ತಿ ಕಟ್ಟಿ
ಪಕ್ಕದ ಸುಮ್ಮನೆ ನಿಂತ ಕೋಶಗಳೊಳಗೆ
ಮೆಲ್ಲಗೆ ನೂಕುವುದು. ಕಾಯುವುದು. ತಟ್ಟೆ ಚೆಲ್ಲುವುದು.

ಒಮ್ಮೆ ಆ ಕಣಗಳ ನೀರನ್ನು ಮನೆಗೆ ಒಯ್ದಿದ್ದೆ,
ಸೀಸೆಯಲ್ಲಿ, ಉಪ್ಪಿನಕಾಯಿ ಪ್ಲಮ್ಮಿನ ಕೆಂಪು.
ಅಪ್ಪ ದೀಪಕ್ಕೆ ಹಿಡಿದ, ಮೂಸಿದ, ನಕ್ಕ:
‘ಚಿನ್ನವಂತೆ! ಯಾರೋ ನಿನಗೆ ಟೋಪಿ ಹಾಕಿದ್ದಾರೆ.’
ಬಹಳ ಸಣ್ಣದಾದರೆ ಬಣ್ಣ ಬದಲಾಗುತ್ತದೆಂದು
ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ.
ಎರಡು ಸಲ ಓದಿದ.
‘ಸಣ್ಣದು ಅಂದರೇನೆಂದು ನನಗೆ ಕಲಿಸಬೇಡ.’
ಆದರೂ ಸೀಸೆ ಮರಳಿಸಲಿಲ್ಲ,
ಅಮ್ಮನ ಫೋಟೊದ ಪಕ್ಕ ಇಟ್ಟುಕೊಂಡ.

ಒಂಬತ್ತನೆಯ ವಾರ, ಮುನ್ನೂರು ತಟ್ಟೆ ಚೆಲ್ಲಿದ ಮೇಲೆ,
ಒಂದೇ ಒಂದು ಕೋಶದ ನೆತ್ತಿಯಲ್ಲಿ
ಹದಿನಾಲ್ಕರ ಹುಡುಗನ ಮೀಸೆಯಂಥ
ಸೊಟ್ಟ ಚಿಗುರು.
ಈ ರಾತ್ರಿ ಅದಕ್ಕೆ ಸೂಜಿ ಇಳಿಸಿದೆ.
ಒಂದು ನ್ಯಾನೊಮೀಟರ್. ಏನಿಲ್ಲ.
ಹತ್ತು. ಏನಿಲ್ಲ.
ಇಪ್ಪತ್ತಕ್ಕೆ ಹಸಿರು ಮಿನುಗಿತೇ? ರೆಪ್ಪೆ ಬಡಿದೆನೇನೋ.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಗುಡುಗು,
ಬುರಿ ಮೀನನ್ನು ಎಬ್ಬಿಸುವ ಚಳಿಗಾಲದ ಗುಡುಗು.
ಗಾಳಿದಿಂಬು, ಕಲ್ಲಿನ ಮೇಜು ಒಂದೂ ತಡೆಯಲಿಲ್ಲ,
ಪರದೆಯ ಗೆರೆ ಹುಚ್ಚೆದ್ದು ಕುಣಿಯಿತು,
ಹಾಳಾಯಿತು ಅಳತೆ.
ಆ ಗದ್ದಲದಲ್ಲೇ ಆ ಸೊಟ್ಟ ಕೋಶ
ಎರಡು ಸಲ, ಅನುಮಾನವಿಲ್ಲದೆ, ಹಸಿರಾಯಿತು.

ದಾಖಲೆಗೆ ಬಾರದು ಇದು.
ಗುಡುಗನ್ನು ಯಾವ ಕೋಷ್ಟಕದಲ್ಲಿ ಬರೆಯುವುದು?
ಮೊಬೈಲಿನಲ್ಲಿ ಅಪ್ಪನಿಗೆ ಬರೆದೆ: ಮಲಗಿದ್ದೀಯಾ?
ಉತ್ತರ ತಡವಾಗಿ ಬಂತು, ಒಂದೊಂದೇ ಅಕ್ಷರ ಒತ್ತುವವನು:
‘ಗುಡುಗಿತಲ್ಲ. ಕಿಟಕಿಯ ಗಾಜಿಗೆ ಅಂಗೈ ಇಟ್ಟು ಕೂತಿದ್ದೆ.
ಹೋದ ವರ್ಷಕ್ಕಿಂತ ಗಟ್ಟಿ.
ನಾಳೆ ಮೀನು ಅಗ್ಗವಾಗುತ್ತದೆ, ಬೇಗ ಬಾ.’

ಸೂಜಿ ಮೇಲೆತ್ತಿದೆ.
ಕೈ ಇನ್ನೂ ಮೇಜಿನ ಮೇಲೇ ಇತ್ತು.